ಬಣ್ಣದೆಲೆಯ ಗಿಡಗಳು: ಚಿನ್ನದ ಗಣಿಯ ನಾಡಿನಲ್ಲಿ ಬೆಳೆಸುವ ಬಗೆ

ಹೂವಿನ ಗಿಡವು ಹೂ ತಳೆದಾಗ ಮಾತ್ರ ಕಣ್ಸೆಳೆಯುತ್ತದೆ. ಎಲೆಯೇ ಬಣ್ಣವಾಗಿರುವ ಗಿಡಕ್ಕೆ ಅಂತಹ ಋತುಮಿತಿಯಿಲ್ಲ. ಕ್ರೋಟನ್, ಕೋಲಿಯಸ್, ಅಕಾಲಿಫಾ, ಕೆಲೇಡಿಯಂ, ಡ್ರಸೀನಾ, ಕಾರ್ಡಿಲೈನ್, ಅಗ್ಲೋನೀಮಾ ಮೊದಲಾದ ಈ ಬಳಗ ಇಂದು ಕೆಜಿಎಫ್ ಹಾಗೂ ಬಂಗಾರಪೇಟೆಯ ಬಹುತೇಕ ಮನೆಗಳ ಮೆಟ್ಟಿಲು, ತಾರಸಿ, ಕಿಟಕಿಯ ಅಂಚುಗಳಲ್ಲಿ ಕಾಣಸಿಗುತ್ತದೆ. ಆದರೆ ಮಳೆಗಾಲದಲ್ಲಿ ತಂದ ಗಿಡ ಯುಗಾದಿಯ ಹೊತ್ತಿಗೆ ಎಲೆಯ ತುದಿ ಸುಟ್ಟು, ಬಡಕಲಾಗಿ, ಕೊನೆಗೆ ಕಸದ ಗಾಡಿ ಸೇರುವುದೂ ಅಷ್ಟೇ ಸಾಮಾನ್ಯ. ಇದಕ್ಕೆ ಬಹುಪಾಲು ಮಂದಿ ಬಿಸಿಲನ್ನು ದೂರುತ್ತಾರೆ, ಕೆಲವರು ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ. ನಿಜವಾದ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ನಲ್ಲಿಯಲ್ಲಿರುತ್ತದೆ. ಈ ಭಾಗದಲ್ಲಿ ಗಿಡವನ್ನು ಬಣ್ಣ ನೋಡಿ ಆರಿಸುವುದಕ್ಕಿಂತ ಮೊದಲು ಮನೆಯ ನೀರನ್ನು ನೋಡಿ ಆರಿಸಬೇಕು.

ಬಂಗಲೆಯಿಂದ ಲೈನ್ ಮನೆಗೆ

ಈ ಗಿಡಗಳಲ್ಲಿ ಒಂದೂ ಇಲ್ಲಿಯದಲ್ಲ. ಕ್ರೋಟನ್ನಿನ ತವರು ಇಂಡೋನೇಷ್ಯಾದ ಮೊಲುಕ್ಕಾಸ್, ಮಲೇಷ್ಯಾ ಹಾಗೂ ಪೆಸಿಫಿಕ್ ದ್ವೀಪಗಳು. ಅಕಾಲಿಫಾ ಪೆಸಿಫಿಕ್ ದ್ವೀಪಗಳದು. ಕೋಲಿಯಸ್ ಆಗ್ನೇಯ ಏಷ್ಯಾದ್ದು, ಕೆಲೇಡಿಯಂ ದಕ್ಷಿಣ ಅಮೆರಿಕದ್ದು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಣ್ಣದೆಲೆಯ ಗಿಡಗಳ ಹುಚ್ಚು ಹಬ್ಬಿತ್ತು. ಜಾನ್ ಗೌಲ್ಡ್ ವೀಚ್ ಎಂಬ ಸಸ್ಯ ಸಂಗ್ರಾಹಕ ದಕ್ಷಿಣ ಸಮುದ್ರದ ದ್ವೀಪಗಳನ್ನು ಸುತ್ತಿ ತನ್ನ ಕುಟುಂಬದ ನರ್ಸರಿಗೆ ಬಗೆಬಗೆಯ ಕ್ರೋಟನ್, ಡ್ರಸೀನಾಗಳನ್ನು ಕಳುಹಿಸಿದ್ದು ಅದೇ ದಶಕದಲ್ಲಿ. ಅಲ್ಲಿ ಗಾಜಿನ ಮನೆಯೊಳಗೆ ಒಲೆಯ ಶಾಖ ಕೊಟ್ಟು ಸಾಕಬೇಕಾಗಿದ್ದ ಈ ಗಿಡಗಳು ಭಾರತದಲ್ಲಿ ಬಯಲಿನಲ್ಲಿಯೇ ಬೆಳೆದವು.

ಮೈಸೂರು ಸೀಮೆಯಲ್ಲಿ ಇಂತಹ ಪರದೇಶಿ ಸಸ್ಯಗಳಿಗೆ ನೆಲೆ ಕೊಟ್ಟದ್ದು ಬೆಂಗಳೂರಿನ ಲಾಲ್‌ಬಾಗ್. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಅವರ ನಂತರ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್, ಇಬ್ಬರ ಕಾಲದಲ್ಲಿಯೂ ಹೊರನಾಡಿನ ಅಲಂಕಾರ ಸಸ್ಯಗಳ ಸಂಗ್ರಹ ಬೆಳೆಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆ ಆರಂಭಿಸಿದ ಮೇಲೆ ಕೆಜಿಎಫ್‌ನಲ್ಲಿ ಅಧಿಕಾರಿಗಳ ಬಂಗಲೆಗಳೂ ಅವುಗಳ ಸುತ್ತ ತೋಟಗಳೂ ಎದ್ದವು. ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಅಡ್ಡಹೆಸರು ಬಂದದ್ದರಲ್ಲಿ ಹವೆಯಷ್ಟೇ ಪಾಲು ಈ ಬಂಗಲೆ ತೋಟಗಳದೂ ಇದೆ. ಪಾಲಾರ್ ನದಿಗೆ ಸೇರಿದ ಬೇತಮಂಗಲದ ಜಲಾಶಯದಿಂದ ಶುದ್ಧೀಕರಿಸಿದ ನೀರು ಗಣಿ ಪ್ರದೇಶಕ್ಕೆ ಹರಿಯುತ್ತಿದ್ದ ದಿನಗಳವು. ಅಂದಿನ ತೋಟಗಳು ಬೆಳೆದದ್ದು ಕೆರೆಯ ನೀರಿನಿಂದ, ಕೊಳವೆ ಬಾವಿಯ ನೀರಿನಿಂದಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಬಂಗಲೆಗಳ ತೋಟಗಳಿಗೆ ಮೊದಲಿನ ಆರೈಕೆ ಉಳಿಯಲಿಲ್ಲ. ಗಿಡಗಳು ಮಾತ್ರ ಉಳಿದವು. ಕ್ರೋಟನ್ನಿನದು ಒಂದು ಕಡ್ಡಿ ಸಿಕ್ಕರೆ ಸಾಕು, ಇನ್ನೊಂದು ಗಿಡವಾಗುತ್ತದೆ. ಗಣಿ ಕಾರ್ಮಿಕರ ಲೈನ್ ಮನೆಗಳ ಮುಂದೆ ಎಣ್ಣೆ ಡಬ್ಬ, ಬಣ್ಣದ ಬಕೆಟ್ಟು, ಒಡೆದ ಕೊಡಗಳಲ್ಲಿ ಬೆಳೆಯುವ ಕೆಂಪು-ಹಳದಿ ಗಿಡಗಳಿಗೆ ಅಂಗಡಿಯ ಬಿಲ್ಲು ಇರುವುದು ಅಪರೂಪ.

ಎಲೆಗೆ ಬಣ್ಣ ಬರುವುದು ಹೇಗೆ

ಹಸಿರು ಬಣ್ಣ ಪತ್ರಹರಿತ್ತಿನದು. ಹಳದಿ, ಕಿತ್ತಳೆ ಬಣ್ಣಗಳು ಕೆರೋಟಿನ್ ವರ್ಗದ ವರ್ಣದ್ರವ್ಯಗಳಿಂದ ಬರುತ್ತವೆ. ಕೆಂಪು ಮತ್ತು ನೇರಳೆಗೆ ಆಂಥೋಸಯನಿನ್ ಕಾರಣ. ಕ್ರೋಟನ್ನಿನ ಎಳೆಯ ಎಲೆ ಹಸಿರಾಗಿ ಹುಟ್ಟಿ ಬಲಿತಂತೆ ಹಳದಿ, ಕಿತ್ತಳೆ, ಕೆಂಪಿಗೆ ತಿರುಗುವುದು ಬೆಳಕು ಸಾಕಷ್ಟು ಸಿಕ್ಕಾಗ ಮಾತ್ರ. ಕತ್ತಲ ಹಜಾರದಲ್ಲಿ ಇಟ್ಟ ಕ್ರೋಟನ್ ಕ್ರಮೇಣ ಹಸಿರಾಗುತ್ತದೆ. ಸಿಗುವ ಅಲ್ಪ ಬೆಳಕನ್ನು ಹಿಡಿಯಲು ಅದಕ್ಕೆ ಪತ್ರಹರಿತ್ತೇ ಬೇಕಾಗುತ್ತದೆ.

ಬಿಳಿ ಅಥವಾ ಕೆನೆ ಬಣ್ಣದ ಪಟ್ಟೆಗಳ ಕತೆ ಬೇರೆ. ಆ ಭಾಗದ ಜೀವಕೋಶಗಳಲ್ಲಿ ಪತ್ರಹರಿತ್ತು ಇರುವುದೇ ಇಲ್ಲ, ಅಂದರೆ ಅದು ಗಿಡಕ್ಕೆ ಅನ್ನ ಮಾಡಿಕೊಡದ ಭಾಗ. ಇಂತಹ ಗಿಡಗಳು ನಿಧಾನವಾಗಿ ಬೆಳೆಯುತ್ತವೆ, ಬಿಸಿಲಿಗೆ ಬೇಗ ಸುಡುತ್ತವೆ. ಪಟ್ಟೆಯ ಗಿಡದಲ್ಲಿ ಪೂರ್ತಿ ಹಸಿರಾದ ಒಂದು ಚಿಗುರು ಕಾಣಿಸಿದರೆ ಅದನ್ನು ಬುಡಕ್ಕೆ ಕತ್ತರಿಸಿ ತೆಗೆಯಬೇಕು. ಬಿಟ್ಟರೆ ಆ ಹಸಿರು ರೆಂಬೆಯೇ ವೇಗವಾಗಿ ಬೆಳೆದು ಬಣ್ಣದ ರೆಂಬೆಗಳನ್ನು ನುಂಗಿಬಿಡುತ್ತದೆ.

ಹವೆ: ಎರಡು ಗಂಡಾಂತರಗಳು

ಉಷ್ಣವಲಯದ ಗಿಡವಾದ್ದರಿಂದ ನಮ್ಮ ಬಿಸಿಲಿಗೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ದ್ವೀಪಗಳ ಸೆಕೆಯಲ್ಲಿ ತೇವವಿದೆ. ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದ ನಮ್ಮ ಬಯಲುಸೀಮೆಯ ಮಾರ್ಚ್, ಏಪ್ರಿಲ್ ತಿಂಗಳ ಗಾಳಿ ಒಣಗಾಳಿ. ಬೇರು ಹೀರುವುದಕ್ಕಿಂತ ವೇಗವಾಗಿ ಎಲೆ ನೀರನ್ನು ಕಳೆದುಕೊಳ್ಳುತ್ತದೆ. ಶಿವರಾತ್ರಿ ಕಳೆದೊಡನೆ ಕುಂಡಗಳನ್ನು ಪೂರ್ವದ ಗೋಡೆಯ ಬದಿಗೆ ಸರಿಸುವುದು ಒಳ್ಳೆಯದು. ಬೆಳಗಿನ ಬಿಸಿಲು ಹತ್ತು-ಹತ್ತೂವರೆಯವರೆಗೆ ಬಿದ್ದು ಆಮೇಲೆ ನೆರಳಾಗಬೇಕು. ತಾರಸಿಯಲ್ಲಿ ಬೆಳೆಸುವವರಿಗೆ ಶೇಕಡಾ 50ರ ನೆರಳು ಬಲೆ ಸಾಕು. ಕುಂಡಗಳನ್ನು ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆಯ ಮೇಲೆ ಇಟ್ಟರೆ ಬೇರು ಬೇಯುವುದಿಲ್ಲ. ಒಂಟಿಯಾಗಿ ಇಟ್ಟ ಕುಂಡಗಳಿಗಿಂತ ಗುಂಪಾಗಿ ಇಟ್ಟ ಕುಂಡಗಳು ಬೇಸಿಗೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ, ಒಂದರ ಉಸಿರಿನ ತೇವ ಇನ್ನೊಂದಕ್ಕೆ ಸಿಗುತ್ತದೆ.

ಎರಡನೆಯ ಗಂಡಾಂತರ ಧನುರ್ಮಾಸದ ಚಳಿ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪಮಾನ 15 ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಕ್ರೋಟನ್ ಆಗ ಕೆಳಗಿನ ಎಲೆಗಳನ್ನು ಉದುರಿಸುತ್ತದೆ. ಅಗ್ಲೋನೀಮಾದ ಎಲೆಯ ಮೇಲೆ ಎಣ್ಣೆ ಬಿದ್ದಂತಹ ಬೂದು ಮಚ್ಚೆಗಳು ಏಳುತ್ತವೆ. ಇದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಆ ಎರಡು ತಿಂಗಳು ಅಗ್ಲೋನೀಮಾವನ್ನು ರಾತ್ರಿ ಒಳಗಿಡುವುದು, ಎಲ್ಲ ಗಿಡಗಳಿಗೂ ನೀರು ತಗ್ಗಿಸುವುದು, ಗೊಬ್ಬರ ನಿಲ್ಲಿಸುವುದು, ಇಷ್ಟೇ ಮಾಡಬೇಕಾದ್ದು. ಚಳಿಯಲ್ಲಿ ಸಾಯುವ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇರು ಕೊಳೆತು.

ನೀರು: ಎಲ್ಲದರ ಮೂಲ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದ ಕೊಳವೆ ಬಾವಿಗಳ ನೀರೇ ಬಹುಕಾಲದಿಂದ ಆಧಾರ. ಗ್ರಾನೈಟ್ ಶಿಲೆಯ ಆಳದಲ್ಲಿ ವರ್ಷಾನುಗಟ್ಟಲೆ ನಿಂತ ಈ ನೀರಿನಲ್ಲಿ ಲವಣಾಂಶ ಹೆಚ್ಚು, ಹಲವೆಡೆ ಫ್ಲೋರೈಡೂ ಉಂಟು. ಫ್ಲೋರೈಡಿನಿಂದ ಮನುಷ್ಯರ ಹಲ್ಲು, ಮೂಳೆಗಳಿಗೆ ಆಗುವ ಹಾನಿ ಜಿಲ್ಲೆಯ ಜನರಿಗೆ ಹೊಸ ವಿಷಯವಲ್ಲ. ಅದು ಗಿಡಗಳನ್ನೂ ಕಾಡುತ್ತದೆ ಎಂಬುದು ಅಷ್ಟು ಪ್ರಚಾರ ಪಡೆದಿಲ್ಲ.

ಡ್ರಸೀನಾ, ಕಾರ್ಡಿಲೈನ್, ಸ್ಪೈಡರ್ ಪ್ಲಾಂಟ್ ಎಂಬ ಕ್ಲೋರೋಫೈಟಮ್, ಇವು ಮೂರೂ ಫ್ಲೋರೈಡಿಗೆ ಅತಿ ಸೂಕ್ಷ್ಮ. ಬೇರಿನಿಂದ ನೀರಿನೊಡನೆ ಏರಿದ ಫ್ಲೋರೈಡು ಎಲೆಯ ತುದಿ, ಅಂಚುಗಳಿಗೆ ಹೋಗಿ ನಿಲ್ಲುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡು ಅಲ್ಲಿಯೇ ಉಳಿದು ಶೇಖರವಾಗುತ್ತದೆ. ತುದಿ ಮೊದಲು ಹಳದಿಯಾಗಿ, ಬಳಿಕ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ ಎಂಬುದು ಭಾರತೀಯ ಮಾನಕ. ಸೂಕ್ಷ್ಮ ತಳಿಯ ಕಾರ್ಡಿಲೈನ್‌ಗೆ ಇದಕ್ಕಿಂತ ಕಡಿಮೆ ಪ್ರಮಾಣವೂ ಸಾಕು, ಎಲೆ ಸುಡುತ್ತದೆ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ.

ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಇಟ್ಟು ಬೆಳಿಗ್ಗೆ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಅನೇಕರು ಕೊಡುತ್ತಾರೆ. ಅದರಿಂದ ಕ್ಲೋರಿನ್ ಹೋಗುತ್ತದೆ, ಫ್ಲೋರೈಡು ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಇದಕ್ಕಿಂತ ಅಪಾಯದ ಇನ್ನೊಂದು ರೂಢಿಯಿದೆ. ಮನೆಯ ಆರ್.ಒ. ಯಂತ್ರ ಹೊರಹಾಕುವ ನೀರನ್ನು ಚೆಲ್ಲಲು ಮನಸ್ಸಾಗದೆ ಕುಂಡಗಳಿಗೆ ಸುರಿಯುವುದು. ನೀರಿನ ಬರದ ಊರಿನಲ್ಲಿ ಆ ಮನಸ್ಸು ಶ್ಲಾಘನೀಯವೇ ಸರಿ. ಆದರೆ ಯಂತ್ರವು ಕುಡಿಯುವ ನೀರಿನಿಂದ ತೆಗೆದ ಲವಣ, ಫ್ಲೋರೈಡುಗಳೆಲ್ಲ ಆ ಹೊರಹರಿವಿನಲ್ಲಿಯೇ ಇರುತ್ತವೆ. ಅದು ನೆಲ ತೊಳೆಯಲು, ಶೌಚಾಲಯಕ್ಕೆ ಯೋಗ್ಯ, ಕುಂಡದ ಗಿಡಕ್ಕಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಉಪ್ಪು ಬೀಳದಂತೆ ಎತ್ತಿಟ್ಟರೆ ಕ್ರೋಟನ್, ಅಕಾಲಿಫಾಗಳಿಗೆ ಧಾರಾಳವಾಗಿ ಹಾಕಬಹುದು.

ಸೂಕ್ಷ್ಮ ಗಿಡಗಳಿಗೆ ಮಳೆನೀರಿಗಿಂತ ಉತ್ತಮವಾದುದಿಲ್ಲ. ಲೆಕ್ಕ ಹಾಕಿದರೆ ಇದು ತೋರುವಷ್ಟು ಕಷ್ಟದ ಕೆಲಸವೂ ಅಲ್ಲ. ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದರೆ 40 ಚದರ ಮೀಟರಿನ ಪುಟ್ಟ ಮನೆಯ ಮಾಡಿನಿಂದ, ಐದನೆಯ ಒಂದು ಪಾಲು ಪೋಲಾದರೂ, 22 ಸಾವಿರ ಲೀಟರಿನಷ್ಟು ನೀರು ಇಳಿಯುತ್ತದೆ. ಅದನ್ನೆಲ್ಲ ಹಿಡಿದಿಡಬೇಕಾಗಿಲ್ಲ. ಆರು ಡ್ರಸೀನಾ ಕುಂಡಗಳಿಗೆ ಬೇಸಿಗೆಯ ಮೂರು ತಿಂಗಳು ದಿನಕ್ಕೆ ಅರ್ಧ ಲೀಟರಿನಂತೆ 270 ಲೀಟರ್, ಚಳಿಗಾಲದ ಮೂರು ತಿಂಗಳು ಮೂರು ದಿನಕ್ಕೊಮ್ಮೆಯಂತೆ 90 ಲೀಟರ್. ಹಸ್ತ-ಚಿತ್ತೆ ಮಳೆಯಲ್ಲಿ 200 ಲೀಟರಿನ ಎರಡು ಡ್ರಮ್ಮು ತುಂಬಿಟ್ಟುಕೊಂಡರೆ ಮುಂದಿನ ಮುಂಗಾರಿನವರೆಗೆ ಸಾಲುತ್ತದೆ. ಮೊದಲ ಮಳೆಯ ನೀರನ್ನು ಮಾಡಿನ ಧೂಳು ತೊಳೆದುಹೋಗಲು ಬಿಡಬೇಕು. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಲ್ಲುವ ನೀರನ್ನೂ ಇದೇ ಕಾರಣಕ್ಕೆ ಚೆಲ್ಲುತ್ತಿರಬೇಕು.

ಬಂಗಾರಪೇಟೆ ತಾಲೂಕಿನ ಯರಗೋಳು ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು 2023ರ ನವೆಂಬರಿನಲ್ಲಿ ಉದ್ಘಾಟನೆಗೊಂಡಿತು. ಅದು ಕೂಡಿಟ್ಟ ಮಳೆನೀರು, ಬಂಡೆಯ ಆಳದಿಂದ ಬಂದದ್ದಲ್ಲ. ಅಣೆಕಟ್ಟಿನ ನೀರು ನಲ್ಲಿಯಲ್ಲಿ ಬರುವ ಮನೆಯವರು ಕಾರ್ಡಿಲೈನ್ ಬೆಳೆಸುವ ಧೈರ್ಯ ಮಾಡಬಹುದು. ಟ್ಯಾಂಕರ್ ನೀರನ್ನು ನಂಬಿದವರು ಅದು ಯಾವ ಬಾವಿಯದೆಂದು ಕೇಳಿ ತಿಳಿದುಕೊಳ್ಳುವುದು ಲೇಸು. ಹಣ ಕೊಟ್ಟು ತರಿಸಿದ ನೀರಿನಿಂದ ಗಿಡ ಸುಡಿಸುವುದು ಎರಡು ಬಗೆಯ ನಷ್ಟ.

ಗಡಸು ನೀರಿನಿಂದ ಇನ್ನೊಂದು ತೊಂದರೆಯೂ ಇದೆ. ಅದರಲ್ಲಿನ ಬೈಕಾರ್ಬೊನೇಟು ಕುಂಡದ ಮಣ್ಣನ್ನು ದಿನೇ ದಿನೇ ಕ್ಷಾರಗೊಳಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಬಿಳಚಿಕೊಂಡರೆ ಇದೇ ಸೂಚನೆ. ಕುಂಡದ ಅಂಚಿನಲ್ಲಿ ಕಟ್ಟುವ ಬಿಳಿಯ ಉಪ್ಪಿನ ಪದರ ಇನ್ನೊಂದು ಸೂಚನೆ. ಮಳೆಗಾಲದಲ್ಲಿ ಕುಂಡಗಳನ್ನು ಒಂದೆರಡು ದಿನ ನೇರ ಮಳೆಗೆ ಇಟ್ಟು ತಳದ ರಂಧ್ರದಿಂದ ನೀರು ಧಾರಾಳವಾಗಿ ಇಳಿದುಹೋಗಲು ಬಿಟ್ಟರೆ ವರ್ಷದ ಉಪ್ಪು ತೊಳೆದುಹೋಗುತ್ತದೆ. ತೋಟಗಾರಿಕೆಯಲ್ಲಿ ಇಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ.

ಕುಂಡದ ಮಣ್ಣು ಮತ್ತು ಸೈನೈಡ್ ದಿಬ್ಬ

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಇದು ಇಲ್ಲಿಗೆ ಒಪ್ಪುವ ಮಿಶ್ರಣ. ತಾರಸಿಗೆ ಭಾರವಾಗುವುದಾದರೆ ಮಣ್ಣಿನ ಒಂದು ಪಾಲಿನ ಬದಲಿಗೆ ತೆಂಗಿನ ನಾರಿನ ಹುಡಿ ಬಳಸಬಹುದು. ಹುಡಿಯನ್ನು ಎರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿದರೆ ಅದರಲ್ಲಿನ ಉಪ್ಪು ಕಳೆಯುತ್ತದೆ. ನದಿ ಮರಳು ದುರ್ಲಭವಾಗಿರುವ ಈ ದಿನಗಳಲ್ಲಿ ಎಂ-ಸ್ಯಾಂಡ್ ಬಳಸುವವರು ಅದರ ಕಲ್ಲುಹುಡಿಯನ್ನು ತೊಳೆದು ತೆಗೆಯಬೇಕು, ಇಲ್ಲವಾದರೆ ಮಿಶ್ರಣ ಗಾರೆಯಂತೆ ಗಟ್ಟಿಯಾಗುತ್ತದೆ.

ಕೆಜಿಎಫ್‌ನ ಓದುಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಊರಿನ ಸುತ್ತ ನಿಂತಿರುವ 13 ಸೈನೈಡ್ ದಿಬ್ಬಗಳಲ್ಲಿ ಚಿನ್ನ ತೆಗೆದ ಬಳಿಕ ಉಳಿದ ಸುಮಾರು 3.3 ಕೋಟಿ ಟನ್ ಅದಿರಿನ ಹುಡಿಯಿದೆ. ನೋಡಲು ನಯವಾದ ಮರಳಿನಂತಿರುವ ಇದನ್ನು ಕುಂಡದ ಮಿಶ್ರಣಕ್ಕೆ ಬಳಸಕೂಡದು. ಸೈನೈಡು ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದುಹೋಗುವಂಥದು. ಆದರೆ ಅದಿರಿನ ಜೊತೆಯಲ್ಲಿಯೇ ಬಂದ ಗಂಧಕಯುಕ್ತ ಖನಿಜಗಳ, ಭಾರಲೋಹಗಳ ಶೇಷ ಹಾಗೆ ಮಾಯವಾಗುವುದಿಲ್ಲ. ಹುಡಿ ಅತಿ ನುಣುಪಾದ್ದರಿಂದ ನೀರು ಬಿದ್ದೊಡನೆ ಕಚ್ಚಿಕೊಂಡು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಕುಂಡದಲ್ಲಿ ಇಂದು ಕ್ರೋಟನ್ ಇದ್ದು ನಾಳೆ ಅದೇ ಮಣ್ಣಿಗೆ ಕೊತ್ತಂಬರಿ ಬಿತ್ತುವುದು ನಮ್ಮ ಮನೆಗಳ ರೂಢಿ, ಮಕ್ಕಳು ಆ ಮಣ್ಣಿನಲ್ಲಿ ಆಡುವುದೂ ಉಂಟು. ಆದ್ದರಿಂದ ಈ ಎಚ್ಚರ ಕೇವಲ ಗಿಡದ ಹಿತಕ್ಕಲ್ಲ.

ಆಷಾಢದ ಗಾಳಿಗೆ ದಿಬ್ಬದ ಧೂಳು ಎದ್ದು ಎಲೆಗಳ ಮೇಲೆ ಕೂರುತ್ತದೆ. ಕ್ರೋಟನ್, ಡ್ರಸೀನಾಗಳ ಎಲೆ ನುಣುಪಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಒಣ ಬಟ್ಟೆಯಿಂದ ಝಾಡಿಸಿದರೆ ಧೂಳು ಮೂಗಿಗೆ ಬರುತ್ತದೆ. ದಿಬ್ಬಗಳಿಗೆ ಹತ್ತಿರದ ಮನೆಗಳವರು ರೋಮವಿರುವ ಮೃದು ಎಲೆಯ ಕೋಲಿಯಸ್ಸನ್ನು ಹೊರಗಡೆ ಇಡದಿರುವುದು ಉತ್ತಮ, ಅದರ ಮೇಲೆ ಕುಳಿತ ಧೂಳು ಸುಲಭವಾಗಿ ಬಿಡುವುದಿಲ್ಲ.

ನರ್ಸರಿಯಿಂದ ಕೊಂಡು ತಂದ ಗಿಡದ ಮಣ್ಣಿನ ಬಗೆಗೂ ಒಂದು ಮಾತು. ನಮ್ಮಲ್ಲಿ ಮಾರಾಟವಾಗುವ ಅನೇಕ ಗಿಡಗಳು ಬರುವುದು ಆಂಧ್ರದ ರಾಜಮಹೇಂದ್ರವರದ ಬಳಿಯ ಕಡಿಯಂ ನರ್ಸರಿಗಳಿಂದ. ಗೋದಾವರಿ ತೀರದ ಆ ಜಿಗುಟು ಮಣ್ಣಿನ ಉಂಡೆ ಅಲ್ಲಿಯ ತೇವದಲ್ಲಿ ಚೆನ್ನ. ನಮ್ಮ ಒಣಗಾಳಿಗೆ ಅದು ಕಲ್ಲಾಗುತ್ತದೆ, ಹಾಕಿದ ನೀರು ಉಂಡೆಯ ಸುತ್ತ ಇಳಿದುಹೋಗಿ ಒಳಗಿನ ಬೇರು ಒಣಗಿಯೇ ಇರುತ್ತದೆ. ಗಿಡ ತಂದ ದಿನವೇ ಮಣ್ಣು ಬದಲಿಸದೆ ಎರಡು ವಾರ ನೆರಳಿನಲ್ಲಿಟ್ಟು ಹವೆಗೆ ಒಗ್ಗಿಸಬೇಕು. ಬಳಿಕ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಜಿಗುಟು ಮಣ್ಣನ್ನು ಬೇರು ಹರಿಯದಂತೆ ಕರಗಿಸಿ ಹೊಸ ಮಿಶ್ರಣದಲ್ಲಿ ನೆಡಬೇಕು. ಬೆಂಗಳೂರಿನ ಸಿದ್ಧಾಪುರದ ನರ್ಸರಿ ಸಾಲಿನಿಂದ ರೈಲಿನಲ್ಲಿ ಗಿಡ ತರುವವರೂ ಎರಡು ವಾರದ ನಿಯಮ ಪಾಲಿಸಬೇಕು, ನೆರಳು ಮನೆಯಲ್ಲಿ ಬೆಳೆದ ಎಲೆಗೆ ನೇರ ಬಿಸಿಲಿನ ಅಭ್ಯಾಸವಿರುವುದಿಲ್ಲ.

ಯಾವ ಗಿಡ ಯಾರಿಗೆ

ಇಲ್ಲಿಯ ನೀರು, ಬಿಸಿಲು, ಆಲಸ್ಯ ಮೂರನ್ನೂ ಸಹಿಸುವ ಗಿಡವೆಂದರೆ ಕ್ರೋಟನ್. ಸಸ್ಯಶಾಸ್ತ್ರದಲ್ಲಿ ಕ್ರೋಟನ್ ಎಂಬ ಕುಲವೇ ಬೇರೆ. ನಾವು ಹಾಗೆ ಕರೆಯುವ ಗಿಡದ ಶಾಸ್ತ್ರೀಯ ಹೆಸರು ಕೋಡಿಯಮ್ ವೇರಿಗೇಟಮ್. ಹರಳು, ಮರಗೆಣಸು ಇದರ ದಾಯಾದಿಗಳು. ಅಗಲ ಎಲೆ, ದಾರದಂತಹ ಎಲೆ, ತಿರುಚಿದ ಎಲೆ, ಎಲೆಯ ತುದಿಯಿಂದ ಇನ್ನೊಂದು ಎಲೆ ತೂಗುವ ಬಗೆ, ಹೀಗೆ ತಳಿಗಳು ನೂರಾರು. ಅಗಲ ಎಲೆಯ ತಳಿಗಳು ಕಣ್ಣಿಗೆ ಹಬ್ಬವಾದರೂ ಒಣಗಾಳಿಗೆ ಬೇಗ ಸೋಲುತ್ತವೆ. ನೀರಿನ ಅಭಾವವಿರುವ ಮನೆಗೆ ಕಿರಿದೆಲೆಯ ತಳಿಗಳೇ ಮೇಲು. ನೆಲದಲ್ಲಿ ನೆಟ್ಟು ಎರಡು ಬೇಸಿಗೆ ಕಳೆದ ಕ್ರೋಟನ್ನಿಗೆ ವಾರಕ್ಕೆ ಒಂದೆರಡು ಸಲ ನೀರು ಸಾಕು. ಕುಂಡದಲ್ಲಿರುವುದಕ್ಕೆ ಬೇಸಿಗೆಯಲ್ಲಿ ಪ್ರತಿದಿನ, ಉಳಿದಂತೆ ಮೇಲಿನ ಒಂದಂಗುಲ ಮಣ್ಣು ಒಣಗಿದಾಗ. ಗಿಡವನ್ನು ಮೇಲಿಂದ ಮೇಲೆ ಜಾಗ ಬದಲಿಸಿದರೆ ಎಲೆ ಉದುರಿಸಿ ಪ್ರತಿಭಟಿಸುತ್ತದೆ. ಉದ್ದವಾಗಿ ಬೆಳೆದು ಬುಡ ಬೋಳಾದ ಗಿಡವನ್ನು ಆರಿದ್ರಾ ಮಳೆಯ ಹೊತ್ತಿಗೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಕೆಳಗಿನಿಂದ ಚಿಗುರುತ್ತದೆ.

ಅಕಾಲಿಫಾ ಬೇಲಿಗೆ ಒಳ್ಳೆಯದು. ತಾಮ್ರದ ಬಣ್ಣದ ಎಲೆ ಪೂರ್ಣ ಬಿಸಿಲಿನಲ್ಲಿಯೇ ಹೊಳಪು ಪಡೆಯುತ್ತದೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಕಡಿಮೆ ನೀರಿನಲ್ಲಿ ನೆಲ ಮುಚ್ಚಲು ನೇರಳೆ ಎಲೆಯ ಸೆಟ್‌ಕ್ರೀಸಿಯಾ, ಅಡಿಭಾಗ ನೇರಳೆಯಾದ ರಿಯೋ ಇವೆ. ಇವೆರಡೂ ಮೆಕ್ಸಿಕೋ ಕಡೆಯವು, ತಿಂಗಳು ಮರೆತರೂ ಬದುಕುತ್ತವೆ. ಉದ್ಯಾನಗಳಲ್ಲಿ ಅಕ್ಷರ ಬರೆಯಲು ಬಳಸುವ ಆಲ್ಟರ್ನಾಂಥೆರಾ ನಮ್ಮ ದಂಟಿನ ಸೊಪ್ಪಿನ ಕುಟುಂಬದ್ದು. ಆ ಮಾತಿಗೆ, ಕೆಂಪು ದಂಟೂ ಬಣ್ಣದೆಲೆಯ ಗಿಡವೇ. ನೋಡಲು ಒಂದು ತಿಂಗಳು, ಆಮೇಲೆ ಸಾರಿಗೆ. ಬೀಜಕ್ಕೆ ಹತ್ತು ರೂಪಾಯಿ ಖರ್ಚು ಮಾಡಿ ಮಗುವಿಗೆ ಒಂದು ಕುಂಡ ಬಿಟ್ಟುಕೊಡಲು ಇದಕ್ಕಿಂತ ಯೋಗ್ಯವಾದ ಗಿಡ ಕಾಣೆ.

ಕೋಲಿಯಸ್ ನಮ್ಮ ದೊಡ್ಡಪತ್ರೆಯ ಸೋದರಿ. ಬಣ್ಣದ ವೈವಿಧ್ಯದಲ್ಲಿ ಅದನ್ನು ಮೀರಿಸುವ ಗಿಡವಿಲ್ಲ, ಬಾಯಾರಿಕೆಯಲ್ಲಿಯೂ ಇಲ್ಲ. ಜೂನ್‌ನಿಂದ ಜನವರಿಯವರೆಗೆ ಬೆಳೆಸಿ, ಬೇಸಿಗೆಗೆ ಮುನ್ನ ನಾಲ್ಕು ತುದಿ ಕತ್ತರಿಸಿ ಒಂದು ಸಣ್ಣ ಕುಂಡದಲ್ಲಿ ನೆರಳಿನಲ್ಲಿ ಉಳಿಸಿಕೊಂಡು ತಾಯಿ ಗಿಡವನ್ನು ಬಿಟ್ಟುಬಿಡುವುದೇ ಜಾಣತನ. ಹೂಗೊಂಚಲು ಕಂಡೊಡನೆ ಚಿವುಟಬೇಕು, ಇಲ್ಲವಾದರೆ ಎಲೆ ಕಿರಿದಾಗುತ್ತದೆ.

ಕೆಲೇಡಿಯಂ ಕೆಸುವಿನ ಕುಟುಂಬದ್ದು, ಗೆಡ್ಡೆಯ ಗಿಡ. ಭರಣಿ ಮಳೆಯ ನಂತರ ಗೆಡ್ಡೆ ನೆಟ್ಟರೆ ಶ್ರಾವಣಕ್ಕೆ ಕುಂಡ ತುಂಬುತ್ತದೆ. ಕಾರ್ತಿಕ ಕಳೆದಾಗ ಎಲೆಗಳು ಒಂದೊಂದಾಗಿ ಮಲಗುತ್ತವೆ. ಗಿಡ ಸತ್ತಿತೆಂದು ಕುಂಡವನ್ನು ಬರಿದುಮಾಡಬಾರದು, ಅದು ನಿದ್ರೆ. ನೀರು ನಿಲ್ಲಿಸಿ ಕುಂಡವನ್ನು ಮೂಲೆಯಲ್ಲಿಟ್ಟರೆ ಮುಂದಿನ ವರ್ಷ ಮತ್ತೆ ಏಳುತ್ತದೆ. ಬೇಸಿಗೆಯಲ್ಲಿ ನೀರೇ ಬೇಡದ ಗಿಡವಾದ್ದರಿಂದ ನೀರಿಲ್ಲದ ಊರಿಗೆ ಇದು ಹೇಳಿ ಮಾಡಿಸಿದಂತಿದೆ.

ಮನೆಯೊಳಗೆ ಇಡಲು ಅಗ್ಲೋನೀಮಾ, ಹಾವಿನ ಪಟ್ಟೆಯ ಸ್ಯಾನ್ಸೆವೇರಿಯಾ, ಮನಿ ಪ್ಲಾಂಟ್ ಸಾಕು. ಸ್ಯಾನ್ಸೆವೇರಿಯಾವನ್ನು ಇತ್ತೀಚಿನ ವರ್ಷಗಳಲ್ಲಿ ಸಸ್ಯಶಾಸ್ತ್ರಜ್ಞರು ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ. ಹೆಸರು ಬದಲಾದರೂ ಗಿಡದ ಗಟ್ಟಿತನ ಬದಲಾಗಿಲ್ಲ. ಡ್ರಸೀನಾ, ಕಾರ್ಡಿಲೈನ್ ಬೇಕೇ ಬೇಕೆನ್ನುವವರು ಮಳೆನೀರಿನ ಜೊತೆಗೆ ಇನ್ನೆರಡು ಎಚ್ಚರ ವಹಿಸಬೇಕು. ಸೂಪರ್ ಫಾಸ್ಫೇಟ್ ಹಾಕಕೂಡದು, ಆ ಗೊಬ್ಬರದಲ್ಲಿಯೇ ಫ್ಲೋರೈಡಿನ ಅಂಶವಿರುತ್ತದೆ. ಕುಂಡದ ಮಣ್ಣು ಹುಳಿಯಾಗಲು ಬಿಡಬಾರದು, ಹುಳಿ ಮಣ್ಣಿನಲ್ಲಿ ಫ್ಲೋರೈಡು ಬೇರಿಗೆ ಹೆಚ್ಚು ದೊರೆಯುತ್ತದೆ. ಕ್ರೋಟನ್ನಿಗೆ ತುಸು ಹುಳಿ ಮಣ್ಣು ಹಿತ, ಡ್ರಸೀನಾಕ್ಕೆ ತಟಸ್ಥ ಮಣ್ಣು ಹಿತ. ಎರಡನ್ನೂ ಒಂದೇ ದೊಡ್ಡ ತೊಟ್ಟಿಯಲ್ಲಿ ನೆಡದಿರುವುದಕ್ಕೆ ಇದೇ ಕಾರಣ.

ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೆ ಸಾಕು. ಸಾರಜನಕ ಅತಿಯಾದರೆ ಎಲೆ ಹಸಿರಾಗಿ ಬಣ್ಣ ಮಂಕಾಗುತ್ತದೆ.

ಕೀಟ ಮತ್ತು ವಿಷ

ಬೇಸಿಗೆಯಲ್ಲಿ ಕ್ರೋಟನ್ನಿಗೆ ಮುತ್ತುವುದು ಜೇಡನುಸಿ. ಎಲೆಯ ಹೊಳಪು ಹೋಗಿ ಬೂದಿ ಎರಚಿದಂತಾಗುತ್ತದೆ, ಅಡಿಯಲ್ಲಿ ತೆಳು ಬಲೆ ಕಾಣುತ್ತದೆ. ಎಲೆಯ ಅಡಿಗೆ ರಭಸದಿಂದ ನೀರು ಹೊಡೆಯುವುದೇ ಮೊದಲ ಮದ್ದು. ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಬೆರೆಯುವಷ್ಟು ಸಾಬೂನಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಬೇಕು. ವಾರ ಬಿಟ್ಟು ಮತ್ತೊಮ್ಮೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯೇ ಸುಡುತ್ತದೆ.

ಡೈಫೆನ್‌ಬೇಕಿಯಾ ಗಿಡದ ಎಲೆ ತಿಂದ ಮಗು ಒಂದು ನಿಮಿಷದಲ್ಲಿ ಸಾಯುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಸುತ್ತುತ್ತಿರುತ್ತದೆ. ಇದು ಉತ್ಪ್ರೇಕ್ಷೆ. ಆದರೆ ಗಿಡ ನಿರಪಾಯಕಾರಿಯೂ ಅಲ್ಲ. ಡೈಫೆನ್‌ಬೇಕಿಯಾ, ಕೆಲೇಡಿಯಂ, ಅಗ್ಲೋನೀಮಾ, ಮನಿ ಪ್ಲಾಂಟ್ ಇವೆಲ್ಲವುಗಳ ಎಲೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಹಸಿ ಕೆಸು ತಿಂದಾಗ ಗಂಟಲು ತುರಿಸುವುದು ಇದರಿಂದಲೇ. ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಮಗುವಿನ ಬಾಯಿಂದ ತುಣುಕುಗಳನ್ನು ತೆಗೆದು, ನೀರಿನಿಂದ ಒರೆಸಿ, ತಣ್ಣನೆಯ ನೀರು ಅಥವಾ ಹಾಲು ಕುಡಿಸಬೇಕು. ವಾಂತಿ ಮಾಡಿಸಬಾರದು. ಊತ ಹೆಚ್ಚಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೆವಳುವ ಮಕ್ಕಳಿರುವ ಮನೆಯಲ್ಲಿ ಈ ಗಿಡಗಳನ್ನು ಕೈಗೆಟುಕದ ಎತ್ತರದಲ್ಲಿಡುವುದು ಸೂಕ್ತ. ಕ್ರೋಟನ್ ಕತ್ತರಿಸಿದಾಗ ಒಸರುವ ರಸ ಕೆಲವರ ಚರ್ಮಕ್ಕೆ ಕೆರೆತ ತರುತ್ತದೆ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ.

ಸಸಿ ಮಾಡಿಕೊಳ್ಳುವುದು

ಕೋಲಿಯಸ್, ಸೆಟ್‌ಕ್ರೀಸಿಯಾಗಳ ತುದಿಗಳು ನೀರಿನ ಲೋಟದಲ್ಲಿಟ್ಟರೂ ಹತ್ತು ದಿನಗಳಲ್ಲಿ ಬೇರು ಬಿಡುತ್ತವೆ. ಅಕಾಲಿಫಾ, ಕ್ರೋಟನ್ನುಗಳಿಗೆ ಗೇಣುದ್ದದ, ಪೆನ್ಸಿಲ್ ದಪ್ಪದ ಕಡ್ಡಿ ಬೇಕು. ಮೃಗಶಿರಾ, ಆರಿದ್ರಾ ಮಳೆಗಳ ಕಾಲ ಇದಕ್ಕೆ ಪ್ರಶಸ್ತ. ಮೇಲಿನ ಎರಡು ಮೂರು ಎಲೆ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಬೇಕು. ತುದಿಯ ರಸ ಒಣಗಿದ ಮೇಲೆ ಮರಳು ಮತ್ತು ನಾರಿನ ಹುಡಿಯ ಸಮಪಾಲು ಮಿಶ್ರಣದಲ್ಲಿ ನೆಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕವುಚಿ ನೆರಳಿನಲ್ಲಿಡಬೇಕು. ಬೇರು ಬರಲು ನಾಲ್ಕರಿಂದ ಆರು ವಾರ. ನಡುವೆ ಕಡ್ಡಿ ಕಿತ್ತು ನೋಡುವ ಆತುರ ಬೇಡ.

ಅಪರೂಪದ ತಳಿಯಾದರೆ ಗೂಟಿ ಕಟ್ಟುವುದು ಹೆಚ್ಚು ಭರವಸೆಯ ವಿಧಾನ. ಪೆನ್ಸಿಲಿಗಿಂತ ತುಸು ದಪ್ಪದ ರೆಂಬೆಯಲ್ಲಿ ಒಂದಂಗುಲ ಅಗಲಕ್ಕೆ ಸುತ್ತಲೂ ತೊಗಟೆ ತೆಗೆದು, ನೆನೆಸಿ ಹಿಂಡಿದ ನಾರಿನ ಹುಡಿ ಅಥವಾ ಪಾಚಿಯನ್ನು ಮುಷ್ಟಿಯಷ್ಟು ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಮಳೆಗಾಲದಲ್ಲಿ ಒಂದೂವರೆ ತಿಂಗಳಿನೊಳಗೆ ಹಾಳೆಯ ಒಳಗೆ ಬಿಳಿಯ ಬೇರುಗಳು ಕಾಣಿಸುತ್ತವೆ. ಅವು ತುಸು ಕಂದಾಗುವವರೆಗೆ ಕಾದು, ಗೂಟಿಯ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ, ಹುಡಿ ಉದುರದಂತೆ ಕುಂಡಕ್ಕೆ ಇಳಿಸಬೇಕು. ಹಸ್ತ ಮಳೆಗೆ ಮುನ್ನ ಕುಂಡ ಸೇರಿದ ಗೂಟಿ ಗಿಡ ಚಳಿಗಾಲಕ್ಕೆ ಮೊದಲೇ ಬೇರೂರುತ್ತದೆ. ಅದಕ್ಕಿಂತ ತಡವಾದರೆ ಗಿಡವನ್ನು ಫೆಬ್ರವರಿಯವರೆಗೆ ತಾಯಿಯ ಮೇಲೆಯೇ ಬಿಟ್ಟು, ಹಾಳೆಯೊಳಗಿನ ಹುಡಿ ಒಣಗದಂತೆ ಆಗಾಗ ಸಿರಿಂಜಿನಿಂದ ನೀರು ಕೊಡುತ್ತಿರಬಹುದು.